ಫಾಂಟ್

ಡಿಟಿಪಿ ಅಂಗಡಿಗಳಿಂದ ಮನೆಮಾತಾದ ‘ಫಾಂಟ್’ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನ ‘ಫೋಂತ್’ನಿಂದ. ಅದರ ಮೂಲ, ಕರಗಿಸು, ಎರಕ ಹೊಯ್ಯು ಎಂಬ ಅರ್ಥದ ‘ಫೋಂದ್ರ್’. ಸೀಸ, ತವರ, ಆಂಟಿಮನಿ ಕರಗಿಸಿ ಅಚ್ಚುಮೊಳೆ ಎರೆಯುತ್ತಿದ್ದ ಕಾಲದಲ್ಲಿ ಒಂದೇ ಶೈಲಿಯ, ಒಂದೇ ಅಳತೆಯ ಮೊಳೆಗಳ ಪೂರ್ತಿ ಜೋಡಣೆಗೆ ಈ ಹೆಸರಿತ್ತು. 12 ಪಾಯಿಂಟಿನದು ಒಂದು ಫಾಂಟ್, 14 ಪಾಯಿಂಟಿನದು ಇನ್ನೊಂದು. ಕಂಪ್ಯೂಟರಿನಲ್ಲಿ ಒಂದೇ ಕಡತ ಬೇಕಾದ ಅಳತೆಗೆ ಹಿಗ್ಗುತ್ತದೆ. ಆ ಭೇದ ಈಗ ಉಳಿದಿಲ್ಲ.

‘ವೆಬ್ ಫಾಂಟ್’ ಎಂದರೆ ಪುಟ ತೆರೆದಾಗ ಸರ್ವರಿನಿಂದ ಇಳಿದು ಬರುವ ಅಕ್ಷರಶೈಲಿ. ಜಾಲತಾಣಕ್ಕೆ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಹಾಕಿಸಿದ ಮೇಲೆ ‘ಫಾಂಟೇ ಬರ್ತಿಲ್ಲ’ ಎಂಬ ದೂರು ಸಾಮಾನ್ಯ. ವಿಂಡೋಸಿನಲ್ಲಾದರೆ ಆರಿಸಿದ್ದ ಶೈಲಿಯ ಬದಲು ನಿರ್ಮಲಾ ಯುಐಯಂಥ ಸಿಸ್ಟಂ ಫಾಂಟ್ ಕಾಣಿಸುತ್ತದೆ. ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್ ಕಡತದಲ್ಲಿ ಫಾಂಟಿನ ವಿಳಾಸ ಹಳೆಯ ‘ಎಚ್‌ಟಿಟಿಪಿ’ಯಲ್ಲೇ ಉಳಿದಿದ್ದರೆ ಹೀಗಾಗುತ್ತದೆ. ಸುರಕ್ಷಿತ ಪುಟಕ್ಕೆ ಅಸುರಕ್ಷಿತ ದಾರಿಯಿಂದ ಬರುವ ಸರಕಿಗೆ ‘ಮಿಕ್ಸ್ಡ್ ಕಂಟೆಂಟ್’ ಎಂದು ಹೆಸರು. ಚಿತ್ರಗಳ ವಿಷಯದಲ್ಲಿ ಸಡಿಲಿಕೆ ತೋರುವ ಬ್ರೌಸರು ಫಾಂಟನ್ನು ಮಾತ್ರ ಮುಲಾಜಿಲ್ಲದೆ ತಡೆಯುತ್ತದೆ. ಫಾಂಟ್ ಇರುವ ಸರ್ವರಿಗೂ ಎಚ್‌ಟಿಟಿಪಿಎಸ್ ಇದ್ದರೆ ವಿಳಾಸಕ್ಕೊಂದು ‘ಎಸ್’ ಸೇರಿಸಿದರಾಯಿತು. ಇಲ್ಲವಾದರೆ, ಪರವಾನಗಿ ನೋಡಿಕೊಂಡು ಕಡತವನ್ನು ಸ್ವಂತ ಸರ್ವರಿನಲ್ಲೇ ಇಟ್ಟುಕೊಳ್ಳುವುದು ಲೇಸು.