ಭಾರತದಲ್ಲಿ ಶಿಶಿಕ್ಷು ತರಬೇತಿ

ಕಾರ್ಖಾನೆ, ಕಚೇರಿಗಳಲ್ಲಿ ಕೆಲಸ ಮಾಡುತ್ತಲೇ ಕಸುಬು ಕಲಿಯುವ ಯುವಜನರಿಗಾಗಿ ಸರ್ಕಾರ ಕಾನೂನಿನಿಂದ ರೂಪಿಸಿದ ವ್ಯವಸ್ಥೆ. ಬಳಕೆಯ ಮಾತಿನಲ್ಲಿ ಅಪ್ರೆಂಟಿಸ್‌ಶಿಪ್. ಈ ಬಗೆಯ ಮೊದಲ ಕಾಯ್ದೆ 1850ರದು. ಅನಾಥ, ಬಡ ಮಕ್ಕಳನ್ನು ಕರಾರಿನ ಮೇಲೆ ಯಾವುದಾದರೂ ಕಸುಬಿಗೆ ಒಪ್ಪಿಸುವುದು ಅದರ ಉದ್ದೇಶ. ಉದ್ಯೋಗ ನೀತಿಗಿಂತ ಅನಾಥಾಲಯದ ನೆರಳೇ ಅದರಲ್ಲಿ ದಟ್ಟವಾಗಿತ್ತು.

ಸ್ವಾತಂತ್ರ್ಯಾನಂತರ, 1950ರಲ್ಲಿ, ಕುಶಲಕರ್ಮಿ ತರಬೇತಿ ಯೋಜನೆ ಆರಂಭವಾಗಿ ಐಟಿಐಗಳು ಬೆಳೆದವು. ಅಲ್ಲಿ ಕಲಿತ ಫಿಟ್ಟರ್, ಟರ್ನರ್‌ಗಳಿಗೆ ನಿಜವಾದ ಉತ್ಪಾದನೆಯ ಅನುಭವವೂ ಬೇಕಿತ್ತು. 1961ರ ಶಿಶಿಕ್ಷು ಕಾಯ್ದೆ ಆ ಹೊಣೆಯನ್ನು ಉದ್ಯಮಗಳ ಮೇಲೆ ಹೊರಿಸಿತು. 1850ರ ಕಾಯ್ದೆ ರದ್ದಾಯಿತು. ಇಂಜಿನಿಯರಿಂಗ್ ಪದವೀಧರರು ಮತ್ತು ಡಿಪ್ಲೊಮಾದವರು 1973ರ ತಿದ್ದುಪಡಿಯಿಂದ, ವೃತ್ತಿಶಿಕ್ಷಣದ ಪಿಯುಸಿ ಮುಗಿಸಿದವರು 1986ರ ತಿದ್ದುಪಡಿಯಿಂದ ಹೊಸ ಕಾಯ್ದೆಯ ವ್ಯಾಪ್ತಿಗೆ ಬಂದರು. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳಲ್ಲಿ ಅಪ್ರೆಂಟಿಸ್ ಆಗಿ ಕಲಿತು ಹೊರಬಂದವರು ಕರ್ನಾಟಕದ ಉದ್ದಗಲಕ್ಕೂ ಇದ್ದಾರೆ.

ಕಾಯ್ದೆಯ ತೊಡಕಿರುವುದು ಶಿಶಿಕ್ಷುವಿಗೆ ಅದು ಕೊಟ್ಟ ಸ್ಥಾನದಲ್ಲಿ. 18ನೇ ಕಲಮಿನಂತೆ ಅವರು ಕಲಿಯುವವರೇ ಹೊರತು ಕಾರ್ಮಿಕರಲ್ಲ. ಸಿಗುವುದು ಸಂಬಳವಲ್ಲ, ಶಿಷ್ಯವೇತನ. ಕರಾರಿನಲ್ಲಿ ಷರತ್ತಿಲ್ಲದಿದ್ದರೆ, ತರಬೇತಿ ಮುಗಿದ ಮೇಲೆ ಅವರಿಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕನಿಗಿಲ್ಲ (22ನೇ ಕಲಮು). ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಶಿಶಿಕ್ಷುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಒಂದಿಷ್ಟು ಆಸರೆ ಒದಗಿಸಿತು: ಉಳಿದೆಲ್ಲ ಅರ್ಹತೆ ಸಮಾನವಾಗಿದ್ದರೆ, ನೇರ ನೇಮಕಾತಿಯ ಅಭ್ಯರ್ಥಿಗಿಂತ ತರಬೇತಿ ಪಡೆದವರಿಗೆ ಆದ್ಯತೆ ಸಿಗಬೇಕು. ಆದ್ಯತೆ, ಅಷ್ಟೇ, ಹುದ್ದೆಯ ಭರವಸೆಯಲ್ಲ.

ಮುಂದೆ ಸರ್ಕಾರ ಬೆದರಿಕೆಯ ದಾರಿ ಬಿಟ್ಟು ಹಣದ ದಾರಿ ಹಿಡಿಯಿತು. 2014ರ ತಿದ್ದುಪಡಿ ಮಾಲೀಕರಿಗಿದ್ದ ಜೈಲು ಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. 2016ರ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಲ್ಲಿ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯನ್ನು, ಕೇಂದ್ರವೇ ಭರಿಸತೊಡಗಿತು. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಬಲದ ಶೇ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ಅದೇ ವರ್ಷ ಕನಿಷ್ಠ ಶಿಷ್ಯವೇತನ ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿಗೆ ನಿಗದಿಯಾಯಿತು.

ಕರ್ನಾಟಕ ಸರ್ಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯುವನಿಧಿಯ ಜಾಡು ಬೇರೆ. ಅಲ್ಲಿ ನೆರವು ಸಿಗುವುದು ಕೆಲಸ ಕಲಿಯುತ್ತಿರುವವರಿಗಲ್ಲ, ಕೆಲಸವಿನ್ನೂ ಸಿಗದವರಿಗೆ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ.