ಹೊಗೆಸೊಪ್ಪಿನ ಪೂರ್ವೋತ್ತರ

ಊಟವಾದ ಮೇಲೆ ತಾಂಬೂಲದೊಡನೆ ಒಂದು ಚೂರು ಹೊಗೆಸೊಪ್ಪು, ಜಗಲಿಯಲ್ಲಿ ಕುಳಿತ ಹಿರಿಯರ ಕೈಯಲ್ಲಿ ನಸ್ಯದ ಡಬ್ಬಿ, ಗದ್ದೆಯ ಬದುವಿನಲ್ಲಿ ಬೀಡಿ, ಪಟ್ಟಣದ ಬೀದಿಯಲ್ಲಿ ಸಿಗರೇಟು, ಇವುಗಳ ಪರಿಚಯ ನಮಗೆ ಎಷ್ಟರಮಟ್ಟಿಗೆ ಆಗಿರುವುದೆಂದರೆ, ಅನಾದಿಯಿಂದಲೂ ಇವು ನಮ್ಮ ನಾಡಿನಲ್ಲಿದ್ದುವೆಂದೇ ಭಾವಿಸಿಬಿಡುವೆವು. ವಸ್ತುಸ್ಥಿತಿ ಹಾಗಿಲ್ಲ. ವೀಳ್ಯದೆಲೆಯೂ ಅಡಕೆಯೂ ನಮಗೆ ಬಹು ಪ್ರಾಚೀನ. ಚರಕಸಂಹಿತೆಯಲ್ಲಿ ‘ಧೂಮಪಾನ’ವೆಂಬ ಮಾತೂ ಇರುವುದು. ಆದರೆ ಅಲ್ಲಿ ಹೇಳಿರುವುದು ಸುಗಂಧದ್ರವ್ಯಗಳನ್ನೂ ಮೂಲಿಕೆಗಳನ್ನೂ ಅರೆದು ಬತ್ತಿಯಾಗಿ ಮಾಡಿ, ಹೊತ್ತುಗೊತ್ತುಗಳನ್ನು ನೋಡಿ ರೋಗಿಗೆ ಕೊಡತಕ್ಕ ಒಂದು ಚಿಕಿತ್ಸೆಯನ್ನು. ಹೆಸರು ಹಳೆಯದು, ಸೊಪ್ಪು ಹೊಸದು. ಈ ಸೊಪ್ಪು ನಮ್ಮ ದೇಶಕ್ಕೆ ಬಂದು ನಾನೂರು ವರ್ಷಗಳಿಗೆ ಸ್ವಲ್ಪ ಮೇಲಾಗಿರುವುದು, ಅಷ್ಟೆ.

ಇದರ ತವರು ಅಮೆರಿಕ ಖಂಡ. ೧೪೯೨ರಲ್ಲಿ ಕೊಲಂಬಸನ ಸಂಗಡಿಗರು ಅಲ್ಲಿಯ ಮೂಲನಿವಾಸಿಗಳು ಎಲೆಯ ಸುರುಳಿಗೆ ಬೆಂಕಿ ಹಚ್ಚಿ ಹೊಗೆಯನ್ನು ಸೇದುತ್ತಿದ್ದುದನ್ನು ಕಂಡು ಬೆರಗಾದರು. ಯೂರೋಪಿನಲ್ಲಿ ಈ ಸೊಪ್ಪಿಗೆ ಮೊದಲು ದೊರೆತ ಗೌರವವು ಔಷಧಿಯೆಂಬುದಾಗಿ. ೧೫೬೦ರ ಸುಮಾರಿನಲ್ಲಿ ಲಿಸ್ಬನ್ ನಗರದಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬಾತನು ಇದನ್ನು ತನ್ನ ದೊರೆಯ ಆಸ್ಥಾನಕ್ಕೆ ಕಳುಹಿಸಿದನು. ‘ನಿಕೋಟಿನ್’ ಎಂಬ ವಿಷಕ್ಕೆ ಇಂದಿಗೂ ಆತನ ಹೆಸರೇ ನಿಂತಿರುವುದು. ೧೫೭೧ರಲ್ಲಿ ಸ್ಪೇನ್ ದೇಶದ ವೈದ್ಯ ಮೊನಾರ್ಡಿಸನು ಇಪ್ಪತ್ತಕ್ಕೂ ಮೇಲ್ಪಟ್ಟ ವ್ಯಾಧಿಗಳಿಗೆ ಇದು ಮದ್ದೆಂದು ಬರೆದನು. ಪೋರ್ಚುಗೀಸರ ಹಡಗುಗಳು ಇದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದುವು. ಗೋವೆಯು ೧೫೧೦ರಲ್ಲಿ ಅವರ ವಶವಾಗುವ ಮುನ್ನ ಬಿಜಾಪುರದ ಸುಲ್ತಾನರಿಗೆ ಸೇರಿದ್ದಿತು. ಆದುದರಿಂದ ಗೋವೆಯ ರೇವಿಗೆ ಬಂದ ಹೊಸ ಸರಕು ಬಿಜಾಪುರದ ಪೇಟೆಗೆ ಹತ್ತಿ ಬಂದುದರಲ್ಲಿ ಆಶ್ಚರ್ಯವಿಲ್ಲ.

ಹೊಗೆಸೊಪ್ಪಿನ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಸರು ಕಾಣಿಸಿಕೊಳ್ಳುವುದು ಇಲ್ಲಿಯೇ. ಅಕ್ಬರ್ ಬಾದಷಹನ ಸೇವೆಯಲ್ಲಿದ್ದ ಅಸದ್ ಬೇಗನೆಂಬ ಅಧಿಕಾರಿಯು ಎರಡನೆಯ ಇಬ್ರಾಹಿಂ ಆದಿಲ್ ಷಾಹನ ಕಾಲದಲ್ಲಿ ಬಿಜಾಪುರಕ್ಕೆ ರಾಯಭಾರ ಬಂದಿದ್ದನು. ಉತ್ತರದಲ್ಲಿ ತಾನು ಎಂದೂ ಕಾಣದಿದ್ದ ಹೊಗೆಸೊಪ್ಪನ್ನು ಆತನು ಇಲ್ಲಿ ಕಂಡು, ಬೇಕಾದಷ್ಟು ಸಂಗ್ರಹಿಸಿಕೊಂಡು, ೧೬೦೪-೦೫ರ ಸುಮಾರಿನಲ್ಲಿ ಆಗ್ರಾ ನಗರಕ್ಕೆ ಕೊಂಡೊಯ್ದನು. ಮುಂದೆ ನಡೆದುದನ್ನು ಆತನೇ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿರುವನು. ರತ್ನ ಕೆತ್ತಿದ ಕೊಳವೆ, ಅದರ ತುದಿಗೆ ಯೆಮನ್ ದೇಶದ ಕೆಂಪು ಕಲ್ಲಿನ ಬಾಯಿ, ಬೆಂಕಿಗೆ ಚಿನ್ನದ ಪಾತ್ರೆ, ಸೊಪ್ಪು ತುಂಬಲು ಆದಿಲ್ ಷಾಹನೇ ಕೊಟ್ಟಿದ್ದ ಅಂದವಾದ ತಾಂಬೂಲದ ಚೀಲ, ಇವೆಲ್ಲವನ್ನೂ ಬೆಳ್ಳಿಯ ಹರಿವಾಣದಲ್ಲಿಟ್ಟು ಬಾದಷಹನಿಗೆ ಕಾಣಿಕೆಯಾಗಿ ಒಪ್ಪಿಸಿದನು.

ಅಕ್ಬರನು ಕುತೂಹಲದಿಂದ ಎರಡು ಮೂರು ಬಾರಿ ಹೊಗೆ ಎಳೆದನು. ಪಕ್ಕದಲ್ಲಿದ್ದ ಆಸ್ಥಾನದ ಹಕೀಮರಿಗೆ ಕಳವಳವಾಯಿತು. ಅವರು ಇನ್ನು ಸಾಕೆಂದು ತಡೆದರು. ಇದು ಪರೀಕ್ಷೆಯಾಗದ ಮದ್ದು, ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪವಿಲ್ಲ, ಗುಣದೋಷಗಳನ್ನರಿಯದೆ ಪ್ರಭುಗಳು ಸೇವಿಸುವುದು ಯುಕ್ತವಲ್ಲ ಎಂಬುದು ಅವರ ವಾದ. ಐರೋಪ್ಯರಲ್ಲಿಯೂ ಜ್ಞಾನಿಗಳಿರುವರು, ಅವರು ತಿಳಿಯದೆ ಇದನ್ನು ಬಳಕೆಗೆ ತಂದಿರಲಾರರು, ಪ್ರಪಂಚದಲ್ಲಿ ಪ್ರತಿಯೊಂದು ಪದ್ಧತಿಯೂ ಒಂದು ಕಾಲದಲ್ಲಿ ಹೊಸದಾಗಿಯೇ ಇದ್ದಿತಲ್ಲವೆ ಎಂಬುದು ಅಸದ್ ಬೇಗನ ಪ್ರತಿವಾದ. ಬಾದಷಹನು ಅಸದ್ ಬೇಗನ ಮಾತಿನ ಚಾತುರ್ಯಕ್ಕೆ ಮೆಚ್ಚಿದನಾದರೂ ಹೊಗೆಯ ಅಭ್ಯಾಸವನ್ನು ಮಾತ್ರ ಹಿಡಿಯಲಿಲ್ಲ. ಆದರೆ ಅಸದ್ ಬೇಗನು ಉಳಿದ ಸೊಪ್ಪನ್ನು ಅಮೀರರಿಗೆ ಹಂಚಿದನು. ಅವರು ಮತ್ತೆ ಮತ್ತೆ ಕೇಳಿ ತರಿಸಿಕೊಂಡರು. ವರ್ತಕರು ಮಾರಾಟಕ್ಕೆ ತೊಡಗಿದರು. ಹೀಗೆ ಸಭೆಯ ವಾದದಲ್ಲಿ ಹಕೀಮರು ಬಾದಷಹನೊಬ್ಬನನ್ನು ಉಳಿಸಿಕೊಂಡರು, ಊರನ್ನು ಕಳೆದುಕೊಂಡರು.

ಆ ಹಕೀಮರು ಎತ್ತಿದ ಪ್ರಶ್ನೆ ಸರಿಯಾದುದೇ. ಆದರೆ ಉತ್ತರ ಬರಲು ಮುನ್ನೂರೈವತ್ತು ವರ್ಷಗಳು ಹಿಡಿದುವು. ಅಷ್ಟು ದೀರ್ಘಕಾಲ ಏಕಾಯಿತೆಂಬುದೇ ಈ ಚರಿತ್ರೆಯಲ್ಲಿ ನಾವು ವಿಚಾರಮಾಡತಕ್ಕ ಅಂಶ.

ದೊರೆಗಳು ಸುಮ್ಮನಿರಲಿಲ್ಲ. ೧೬೦೪ರಲ್ಲಿ ಇಂಗ್ಲೆಂಡಿನ ಒಂದನೆಯ ಜೇಮ್ಸ್ ಅರಸನು ಹೊಗೆಸೊಪ್ಪನ್ನು ಖಂಡಿಸಿ ತಾನೇ ಒಂದು ಪುಸ್ತಿಕೆಯನ್ನು ಬರೆದನು. ಅದೇ ವರ್ಷ ಅದರ ಮೇಲಣ ಸುಂಕವನ್ನು ಸುಮಾರು ನಾಲ್ವತ್ತು ಪಟ್ಟು ಏರಿಸಿದನು. ೧೬೧೭ರಲ್ಲಿ ಜಹಾಂಗೀರನು ತನ್ನ ರಾಜ್ಯದಲ್ಲಿ ಇದನ್ನು ನಿಷೇಧಿಸಿದನು. ಪಾರಸಿಕದ ಷಾ ಅಬ್ಬಾಸನೂ ಹಾಗೆಯೇ ಮಾಡಿದ್ದನು. ಆದರೆ ಜಹಾಂಗೀರನ ರಾಯಭಾರಿಯಾಗಿ ಪಾರಸಿಕಕ್ಕೆ ಹೋಗಿದ್ದ ಖಾನ್ ಆಲಮನಿಗೇ ಹೊಗೆಯಿಲ್ಲದೆ ಹೊತ್ತು ಹೋಗದು. ಇದನ್ನು ಕೇಳಿ ಷಾ ಅಬ್ಬಾಸನು ಅತಿಥಿಗೆ ವಿನಾಯಿತಿಯನ್ನು ಕೊಡಬೇಕಾಯಿತು. ೧೬೩೩ರಲ್ಲಿ ತುರುಕರ ಸುಲ್ತಾನ ನಾಲ್ಕನೆಯ ಮುರಾದನು ಮರಣದಂಡನೆಯನ್ನೇ ವಿಧಿಸಿದನು. ಆದರೂ ಚಟ ನಿಲ್ಲಲಿಲ್ಲ. ನಿಲ್ಲಿಸಲಾರದುದರ ಮೇಲೆ ತೆರಿಗೆ ಹಾಕುವುದು ಲಾಭಕರವೆಂಬುದನ್ನು ಸರ್ಕಾರಗಳು ಬೇಗ ಕಲಿತುವು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲಿಷ್ ಕಂಪೆನಿಯ ಸರ್ಕಾರವು ಕೆನರಾ ಮತ್ತು ಮಲಬಾರ್ ಜಿಲ್ಲೆಗಳಲ್ಲಿ ಹೊಗೆಸೊಪ್ಪಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯವನ್ನಾಗಿ ಮಾಡಿಕೊಂಡು ಬೊಕ್ಕಸವನ್ನು ತುಂಬಿಕೊಂಡಿತು. ವಿಷವು ವರಮಾನವಾದ ಮೇಲೆ ಅದನ್ನು ವಿಷವೆಂದು ಕರೆಯುವ ಆತುರ ಯಾರಿಗಿದ್ದೀತು?

ವೈದ್ಯರ ಕಡೆಯಿಂದ ಎಚ್ಚರಿಕೆಗಳು ಒಂದೊಂದಾಗಿ ಬಂದುವು. ೧೭೬೧ರಲ್ಲಿ ಲಂಡನ್ನಿನ ಜಾನ್ ಹಿಲ್ ಎಂಬ ವೈದ್ಯನು, ನಸ್ಯವನ್ನು ಅತಿಯಾಗಿ ಏರಿಸುವವರ ಮೂಗಿನಲ್ಲಿ ಮಾರಕವಾದ ಗಂಟುಗಳು ಹುಟ್ಟಿದುದನ್ನು ವರ್ಣಿಸಿದನು. ೧೭೯೫ರಲ್ಲಿ ಜರ್ಮನಿಯ ಸೊಮ್ಮರಿಂಗನು ಕೊಳವೆಯಲ್ಲಿ ಹೊಗೆ ಸೇದುವವರ ತುಟಿಯ ಅರ್ಬುದವನ್ನು ಗುರುತಿಸಿದನು. ೧೮೨೮ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯದ ಇಬ್ಬರು ಯುವಕರು ಸೊಪ್ಪಿನಿಂದ ನಿಕೋಟಿನ್ ವಿಷವನ್ನು ಬೇರ್ಪಡಿಸಿದರು. ನಮ್ಮ ದಕ್ಷಿಣದಲ್ಲಿಯೇ, ತಿರುವಾಂಕೂರು ಸಂಸ್ಥಾನದ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ಬೆಂಟಾಲ್ ಎಂಬ ವೈದ್ಯನು ೧೭೦೦ ಅರ್ಬುದರೋಗಿಗಳ ವಿವರವನ್ನು ೧೯೦೮ರಲ್ಲಿ ಪ್ರಕಟಿಸಿದನು. ಅಲ್ಲಿ ಬಾಯಿಯ ಅರ್ಬುದವೇ ಅತಿಶಯವಾಗಿದ್ದಿತು. ೧೯೩೩ರಲ್ಲಿ ಓರ್ ಎಂಬ ಮತ್ತೊಬ್ಬ ವೈದ್ಯನು ಅದೇ ಸಂಸ್ಥಾನದಲ್ಲಿ, ಹೊಗೆಸೊಪ್ಪು ಕೂಡಿದ ತಾಂಬೂಲವನ್ನು ಜಗಿಯುವ ಅಭ್ಯಾಸಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ವಿವರಿಸಿದನು. ಸೇದದೆ ಬರಿಯ ಜಗಿಯುವುದರಿಂದ ಅಪಾಯವಿಲ್ಲವೆಂಬ ಸಮಾಧಾನಕ್ಕೆ ಅಂದಿನಿಂದಲೇ ಆಧಾರ ತಪ್ಪಿತು. ಅಡಕೆಯೂ ಸ್ವತಃ ಅರ್ಬುದಕಾರಕವೆಂದು ೨೦೦೪ರಲ್ಲಿ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯು ನಿರ್ಣಯಿಸಿದ ಮೇಲೆ ಆ ಸಮಾಧಾನ ಇನ್ನೂ ತೆಳುವಾಯಿತು.

ಇಷ್ಟಾದರೂ ಲೋಕಕ್ಕೆ ನಂಬಿಕೆ ಬರಲಿಲ್ಲ. ಏಕೆ? ಹಾವು ಕಚ್ಚಿದವನು ಗಳಿಗೆಯೊಳಗಾಗಿ ಬಿದ್ದರೆ ವಿಷದ ವಿಚಾರದಲ್ಲಿ ಯಾರಿಗೂ ಸಂದೇಹವಿರದು. ಹೊಗೆಸೊಪ್ಪಿನ ಕೇಡಾದರೋ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಹೊರಬೀಳುವುದು. ಅಷ್ಟರಲ್ಲಿ ಎಂಬತ್ತು ವರ್ಷ ಬದುಕಿದ ಯಾವನೋ ಒಬ್ಬ ಅಜ್ಜನ ನಿದರ್ಶನವು ಪ್ರತಿಯೊಂದು ಊರಿನಲ್ಲಿಯೂ ಸಿದ್ಧವಾಗಿರುವುದು. ಇದರ ಮೇಲೆ ೧೮೮೦ರ ದಶಕದಲ್ಲಿ ಅಮೆರಿಕದಲ್ಲಿ ಬಾನ್ಸಾಕನ ಯಂತ್ರವು ದಿನಕ್ಕೆ ಲಕ್ಷಕ್ಕೂ ಹೆಚ್ಚಾಗಿ ಸಿಗರೇಟುಗಳನ್ನು ಸುತ್ತತೊಡಗಿತು. ಚುಟ್ಟದ ಹೊಗೆ ಗಂಟಲಿಗೆ ಘಾಟು. ಸಾಮಾನ್ಯವಾಗಿ ಬಾಯಿಯಲ್ಲಿಯೇ ಉಳಿಯುವುದು. ಸಿಗರೇಟಿನ ಹೊಗೆಯು ಮೃದುವಾದುದರಿಂದಲೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ೧೯೧೪ರ ಮಹಾಯುದ್ಧದಲ್ಲಿ ಸೈನಿಕರಿಗೆ ಪಡಿಯೊಡನೆ ಸಿಗರೇಟನ್ನೂ ಹಂಚಿದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ, ಹಿಂದೆ ಅಪರೂಪವಾಗಿದ್ದ ಶ್ವಾಸಕೋಶದ ಅರ್ಬುದವು ಆಸ್ಪತ್ರೆಗಳಲ್ಲಿ ನಿತ್ಯದ ನೋಟವಾಯಿತು.

ಕೊನೆಗೆ ಉತ್ತರವನ್ನು ಕೊಟ್ಟುದು ಲೆಕ್ಕ. ೧೯೫೦ರಲ್ಲಿ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬುವರು ಶ್ವಾಸಕೋಶದ ಅರ್ಬುದವಿದ್ದ ೬೪೯ ಮಂದಿ ಗಂಡಸರನ್ನೂ ಬೇರೆ ರೋಗಗಳಿದ್ದ ಅಷ್ಟೇ ಮಂದಿಯನ್ನೂ ವಿಚಾರಿಸಿದರು. ಎಂದೂ ಹೊಗೆ ಸೇದದವರು ಮೊದಲನೆಯ ಗುಂಪಿನಲ್ಲಿ ಇಬ್ಬರು, ಎರಡನೆಯದರಲ್ಲಿ ೨೭ ಮಂದಿ. ಲೆಕ್ಕವನ್ನು ಕಂಡ ಡಾಲನು ತಾನೇ ಸಿಗರೇಟು ಬಿಟ್ಟನು. ಅದೇ ವರ್ಷ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ ಎಂಬುವರೂ ಇದೇ ತೀರ್ಮಾನಕ್ಕೆ ಬಂದರು. ಗ್ರಹಾಂ ಪ್ರಖ್ಯಾತ ಶಸ್ತ್ರವೈದ್ಯ, ಸ್ವತಃ ಬಹುವಾಗಿ ಸಿಗರೇಟು ಸೇದುತ್ತಿದ್ದವನು. ತನ್ನ ಸಂಶೋಧನೆಯನ್ನು ನಂಬಿ ಚಟವನ್ನು ಬಿಟ್ಟನಾದರೂ ಹೊತ್ತು ಮೀರಿದ್ದಿತು. ೧೯೫೭ರಲ್ಲಿ ಅದೇ ರೋಗದಿಂದ ತೀರಿಕೊಂಡನು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಿಗಳನ್ನು ಕುರಿತು ಸಾಂಘ್ವಿ, ರಾವ್, ಖಾನೋಲ್ಕರ್ ಇವರು ೧೯೫೫ರಲ್ಲಿ ಪ್ರಕಟಿಸಿದ ಲೇಖನವು, ಸೇದುವುದೂ ಜಗಿಯುವುದೂ ಬಾಯಿ ಗಂಟಲುಗಳ ಅರ್ಬುದಕ್ಕೆ ಹೇಗೆ ಸಂಬಂಧಿಸಿರುವುವೆಂಬುದನ್ನು ನಮ್ಮ ಜನರಲ್ಲಿಯೇ ತೋರಿಸಿಕೊಟ್ಟಿತು.

ಅರ್ಬುದವೊಂದೇ ಅಲ್ಲ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ಅನಿಲವು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸುವುದು. ನಿಕೋಟಿನ್ ನಾಡಿಯ ಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸಿ, ಮಿದುಳನ್ನು ತನ್ನ ಅಧೀನ ಮಾಡಿಕೊಳ್ಳುವುದು. ಹೃದ್ರೋಗ, ಪಾರ್ಶ್ವವಾಯು, ಎಂದಿಗೂ ಬಿಡದ ಕೆಮ್ಮು ಉಬ್ಬಸಗಳು, ಕ್ಷಯದ ಉಲ್ಬಣ, ಇವೆಲ್ಲವೂ ಇದರ ಪರಿವಾರ. ಸೇದುವವನ ಮನೆಯವರಿಗೂ ಇದರ ಪಾಲು ತಪ್ಪದು. ಗಂಡ ಸೇದಿದ ಹೊಗೆಯಿಂದ ಎಂದೂ ಸೇದದ ಹೆಂಡತಿಗೂ ಶ್ವಾಸಕೋಶದ ಅರ್ಬುದದ ಭಯ ಹೆಚ್ಚುವುದೆಂದು ಜಪಾನಿನ ಹಿರಾಯಾಮನು ೧೯೮೧ರಲ್ಲಿ ತೋರಿಸಿದನು.

ನಮ್ಮ ದೇಶದಲ್ಲಿ ೧೯೭೫ರ ಶಾಸನವು ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯನ್ನು ಮುದ್ರಿಸಿತು. ೨೦೦೩ರ ಶಾಸನವು ಜಾಹೀರಾತನ್ನು ತಡೆಯಿತು. ೨೦೦೮ರ ಅಕ್ಟೋಬರ್ ೨ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಲ್ಲಿಸುವ ನಿಯಮಗಳು ಬಿಗಿಯಾದುವು. ಆದರೂ ೨೦೧೬-೧೭ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ೨೮ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ರೂಪದಲ್ಲಿ ಹೊಗೆಸೊಪ್ಪಿಗೆ ಒಳಗಾಗಿದ್ದರು. ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಅಧಿಕ. ಹುಣಸೂರು ಪಿರಿಯಾಪಟ್ಟಣಗಳ ಬೆಳೆಗಾರನೂ ದಕ್ಷಿಣ ಕನ್ನಡದಲ್ಲಿ ಮನೆಯ ಮೂಲೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸೂ ಈ ಸೊಪ್ಪನ್ನೇ ನಂಬಿರುವುದುಂಟು. ಅವರಿಗೆ ಬೇರೆ ಜೀವನೋಪಾಯವನ್ನು ಕಲ್ಪಿಸದೆ ಉಪದೇಶಮಾಡುವುದು ನ್ಯಾಯವಲ್ಲ. ಸೊಪ್ಪಿನ ಧೂಳನ್ನು ದಿನವೂ ಉಸಿರಾಡುವವರು ಅವರೇ.

ಬಾದಷಹನ ಸಭೆಯಲ್ಲಿ ಹಕೀಮರು ಕೇಳಿದ ಪರೀಕ್ಷೆಯು ಈಗ ಮುಗಿದಿರುವುದು. ಪರೀಕ್ಷೆ ನಡೆದುದು ಕೋಟ್ಯಂತರ ಜನರ ದೇಹಗಳ ಮೇಲೆ. ಡಾಲನು ೧೯೫೧ರಿಂದ ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷಗಳ ಕಾಲ ಗಮನಿಸುತ್ತ ಬಂದು, ೨೦೦೪ರಲ್ಲಿ ಸಹೋದ್ಯೋಗಿಗಳೊಡನೆ ಫಲಿತಾಂಶವನ್ನು ಪ್ರಕಟಿಸಿದನು. ಎಡೆಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಮಡಿದರು. ಅರವತ್ತನೆಯ ವಯಸ್ಸಿನಲ್ಲಿ ಬಿಟ್ಟವರು ಸುಮಾರು ಮೂರು ವರ್ಷಗಳನ್ನೂ, ಐವತ್ತರಲ್ಲಿ ಬಿಟ್ಟವರು ಆರನ್ನೂ, ನಾಲ್ವತ್ತರಲ್ಲಿ ಬಿಟ್ಟವರು ಒಂಬತ್ತನ್ನೂ ಮರಳಿ ಪಡೆದರು. ಮೂವತ್ತರಲ್ಲಿ ಬಿಟ್ಟವರು ಹೆಚ್ಚು ಕಡಮೆ ಪೂರ್ತಿ ಹತ್ತನ್ನೂ ಉಳಿಸಿಕೊಂಡರು. ಎಂದಮೇಲೆ ಇಷ್ಟು ಕಾಲವಾಯಿತು, ಇನ್ನು ಬಿಟ್ಟು ಫಲವೇನು ಎನ್ನುವವರ ಮಾತಿಗೆ ಆಧಾರವಿಲ್ಲ. ಹೊಸದೊಂದು ವಸ್ತುವು ಬೆಳ್ಳಿಯ ಹರಿವಾಣದಲ್ಲಿ ನಮ್ಮ ಮುಂದೆ ಬಂದಾಗ, ದೊಡ್ಡವರೆಲ್ಲ ಇದನ್ನು ಬಳಸುತ್ತಿರುವರೆಂಬ ಮಾತಿಗೆ ಕಿವಿಗೊಡುವ ಮುನ್ನ, ಆ ಹಕೀಮರ ಪ್ರಶ್ನೆಯನ್ನು ನಾವೂ ಒಮ್ಮೆ ಕೇಳಿಕೊಳ್ಳುವುದು ಲೇಸು.