ಹೊಲಿಗೆಯಿಂದ ಅಂಟಿಗೆ: ಕೈಚಪ್ಪಲಿಯ ಅಟ್ಟೆ ಸಾಗಿಬಂದ ದಾರಿ

ಚಪ್ಪಲಿ ಹೆಚ್ಚಾಗಿ ಸೋಲುವುದು ಎರಡು ಕಡೆ. ಒಂದೋ ಬಾರು ಕಿತ್ತುಬರುತ್ತದೆ, ಇಲ್ಲವೇ ಅಟ್ಟೆ ಬಾಯಿಬಿಡುತ್ತದೆ. ಬೆಂಗಳೂರಿನ ಹನುಮಂತನಗರದ 50 ಅಡಿ ರಸ್ತೆಯ ಅಂಚಿನಲ್ಲಿ ಗೋಣಿಚೀಲ ಹಾಸಿ ಕೂತ ರಿಪೇರಿಯವರ ಮುಂದೆ ಬಂದು ಬೀಳುವ ಜೋಡುಗಳಲ್ಲಿ ಬಹುಪಾಲು ಈ ಎರಡು ಕಾಯಿಲೆಯವೇ. ಬಾರಿನ ಕಥೆ ಸರಳ, ಹೊಲಿದರೆ ಮುಗಿಯಿತು. ಅಟ್ಟೆಯ ಕಥೆ ಹಾಗಲ್ಲ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವಿನ ಆ ಕೂದಲೆಳೆಯ ಜಾಗದಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಚರ್ಮದ ಮಿಣಿ, ಕಬ್ಬಿಣದ ಮೊಳೆ, ಡಬ್ಬಿಯ ಅಂಟು ಒಂದಾದ ಮೇಲೊಂದು ಉತ್ತರವಾಗಿ ಬಂದಿವೆ. ಪ್ರತಿ ಉತ್ತರವೂ ತೊಗಲು ಹದಮಾಡುವ ಬಗೆಯನ್ನು, ಕೆಲಸಗಾರನ ಮೈಯನ್ನು, ಕೊಳ್ಳುವವನ ನಿರೀಕ್ಷೆಯನ್ನು ಬದಲಿಸಿದೆ. ಕನ್ನಡ ನಾಡಿನಲ್ಲಿ ಈ ಬದಲಾವಣೆ ಹೇಗಾಯಿತು ಎಂದು ನೋಡುವುದು ಈ ಲೇಖನದ ಕೆಲಸ.

ನಮ್ಮಲ್ಲಿ ಚಪ್ಪಲಿಯ ಮಾತು ಬಂದರೆ ಮೊದಲು ನೆನಪಾಗುವುದು 12ನೇ ಶತಮಾನದ ಕಲ್ಯಾಣ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಹರಳಯ್ಯನ ಮಗನಿಗೆ ಮೇಲ್ಜಾತಿಯ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಆ ಇಬ್ಬರು ತಂದೆಯರಿಗೂ ಬಿಜ್ಜಳನ ಕಾಲದಲ್ಲಿ ಮರಣದಂಡನೆಯಾಯಿತು ಎಂಬುದೂ ಅದೇ ಪರಂಪರೆಯ ನೆನಪು. ಆ ಶರಣರ ಸಾಲಿನಲ್ಲೇ ಡೋಹರ ಕಕ್ಕಯ್ಯನಿದ್ದಾನೆ, ಮಾದಾರ ಚೆನ್ನಯ್ಯನಿದ್ದಾನೆ. ಕಸುಬಿನ ವಿಂಗಡಣೆ ಈ ಹೆಸರುಗಳಲ್ಲೇ ಕಾಣುತ್ತದೆ: ತೊಗಲು ಹದಮಾಡುವವರು ಡೋಹರರು, ಹದವಾದ ತೊಗಲನ್ನು ಕೊಯ್ದು ಹೊಲಿಯುವವರು ಸಮಗಾರರು. ಊರಿಗೆಲ್ಲ ಮೆಟ್ಟು ಮಾಡಿಕೊಟ್ಟ ಈ ಜನ ಮೇಲ್ಜಾತಿಯ ಕೇರಿಯಲ್ಲಿ ತಾವೇ ಮೆಟ್ಟು ಮೆಟ್ಟಿ ನಡೆಯುವಂತಿರಲಿಲ್ಲ. ಈ ಮಾತನ್ನು ಬಿಟ್ಟು ಕೈಚಪ್ಪಲಿಯ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಆ ಹಳೆಯ ಕೆಲಸ ಇಂದಿಗೂ ಜೀವಂತವಾಗಿರುವುದು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯಲ್ಲಿ. ಪೇಟೆಯಲ್ಲಿ ಕೊಲ್ಹಾಪುರಿ ಎಂದು ಮಾರಾಟವಾಗುವ ಚಪ್ಪಲಿಯ ದೊಡ್ಡ ಪಾಲು ಕನ್ನಡದ ಕೈಗಳದ್ದು. ಅಥಣಿಯ ಸಾಂಪ್ರದಾಯಿಕ ಜೋಡಿನಲ್ಲಿ ಒಂದೇ ಒಂದು ಮೊಳೆ ಇರುವುದಿಲ್ಲ. ಅಟ್ಟೆಗೆ ದಪ್ಪನೆಯ ಎಮ್ಮೆ ತೊಗಲು, ಮೇಲಿನ ಹೆಣಿಗೆಗೆ ತೆಳುವಾದ ಆಡಿನ ತೊಗಲು. ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದವಾದ ಆ ಎಮ್ಮೆ ತೊಗಲು ಒಣಗಿದಾಗ ಹಲಗೆಯಷ್ಟು ಬಿರುಸು. ಅದನ್ನು ನೀರಲ್ಲಿ ನೆನೆಸಿ, ಅಚ್ಚಿನ ಮೇಲಿಟ್ಟು ಗೆರೆ ಎಳೆದು, ರಂಪಿಗೆಯಿಂದ ಕೊಯ್ದು, ಕಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಬಡಿದಷ್ಟೂ ತೊಗಲಿನ ಎಳೆಗಳು ಒತ್ತಾಗಿ ಕೂಡುತ್ತವೆ, ಅಟ್ಟೆ ಸವೆಯುವುದು ನಿಧಾನವಾಗುತ್ತದೆ. ಮೇಲಿನ ಅಟ್ಟೆ, ಕೆಳಗಿನ ಅಟ್ಟೆ, ಹಿಮ್ಮಡದ ತುಂಡು, ಇವುಗಳ ನಡುವೆ ಎರಡೂ ಬದಿಗೆ ಚಾಚುವ ಕಿವಿಗಳನ್ನು ಸಿಕ್ಕಿಸಿ, ಆರಿಯಿಂದ ತೂತು ಹೊಡೆದು, ತೊಗಲಿನದೇ ಸಣ್ಣ ಮಿಣಿ ಎಳೆದು ಅಂಚಿನುದ್ದಕ್ಕೂ ಹೊಲಿಯುತ್ತಾರೆ. ಈ ಅಟ್ಟೆಯ ಕೆಲಸ ಹೆಚ್ಚಾಗಿ ಗಂಡಸರದು. ಜಡೆಯಂತೆ ಹೆಣೆದ ಪಟ್ಟಿ, ಬೆರಳಿನ ಕುಣಿಕೆ, ಮೇಲಿನ ಅಲಂಕಾರ ಹೆಂಗಸರ ಕೈಕೆಲಸ.

ಮಿಣಿಯ ಹೊಲಿಗೆಯನ್ನು ಹಿಂದಿನವರ ಬಡತನದ ಉಪಾಯ ಎಂದು ತಿಳಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ತೊಗಟೆಯಲ್ಲಿ ಹದವಾದ ತೊಗಲು ಮಳೆಯಲ್ಲಿ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೊಲಿಗೆಯೂ ತೊಗಲಿನದೇ ಆದ್ದರಿಂದ ಅಟ್ಟೆಯ ಜೊತೆಗೇ ಉಬ್ಬಿ ಅದರ ಜೊತೆಗೇ ಕುಗ್ಗುತ್ತದೆ. ಕೊನೆಯಲ್ಲಿ ಜೋಡಿಗೆ ಎಣ್ಣೆ ಕುಡಿಸಿ ಮೆತ್ತಗೆ ಮಾಡುತ್ತಾರೆ. ಎಣ್ಣೆ ಕುಡಿದ ಮೇಲ್ಮೈಗೆ ಯಾವ ಅಂಟೂ ಸರಿಯಾಗಿ ಹತ್ತುವುದಿಲ್ಲ. ಅಂದರೆ ಹದ, ಎಣ್ಣೆ, ಹೊಲಿಗೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದ ಪದ್ಧತಿ ಅದು. ಒಂದನ್ನು ಬದಲಿಸಿದರೆ ಉಳಿದ ಎರಡನ್ನೂ ಬದಲಿಸಲೇಬೇಕು. ಮುಂದೆ ನಡೆದದ್ದೂ ಅದೇ.

ಮೊದಲು ಬದಲಾದದ್ದು ಹದ. ಬ್ರಿಟಿಷರ ಕಾಲದಲ್ಲಿ ಅಥಣಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ಚರ್ಮದ ಕೆಲಸದ ಬಗ್ಗೆ ಜೆ.ಆರ್. ಮಾರ್ಟಿನ್ 1903ರಲ್ಲಿ ಒಂದು ವರದಿ ಬರೆದ. ಮರುವರ್ಷ ಮದರಾಸು ಪ್ರಾಂತ್ಯದ ಬಗ್ಗೆ ಅಂಥದ್ದೇ ವರದಿ ಬರೆದವನು ಆಲ್‌ಫ್ರೆಡ್ ಚಾಟರ್ಟನ್. ಈ ಚಾಟರ್ಟನ್ ನಮಗೆ ಮುಖ್ಯ. ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದಿದ್ದ ಕ್ರೋಮ್ ಹದವನ್ನು, ಅಂದರೆ ಕ್ರೋಮಿಯಂ ಲವಣಗಳಿಂದ ತೊಗಲು ಹದಮಾಡುವ ಬಗೆಯನ್ನು, ಮದರಾಸಿನ ಕಲಾಶಾಲೆಯಲ್ಲಿ ಪ್ರಯೋಗಿಸಿ ನೋಡಿದವನು ಅವನೇ. ಆಗ ಅವನ ಗಮನವಿದ್ದದ್ದು ಚಪ್ಪಲಿಗಿಂತ ಹೆಚ್ಚಾಗಿ ಕಪಿಲೆ ಬಾವಿಯಿಂದ ನೀರೆತ್ತುವ ತೊಗಲ ಬಾನಿಯ ಮೇಲೆ. ತೊಗಟೆ ಹದದ ಬಾನಿ ನೀರಲ್ಲಿ ಮುಳುಗಿ ಮುಳುಗಿ ಕೊಳೆಯುತ್ತಿತ್ತು, ಕ್ರೋಮಿನದು ತಡೆಯುತ್ತಿತ್ತು. ಅಲ್ಲಿಂದ ಅದೇ ತೊಗಲು ಚಪ್ಪಲಿಗೂ ಬೂಟಿಗೂ ಬಂತು. 1912ರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾಗಿ ಬೆಂಗಳೂರಿಗೇ ಬಂದ. ಊರಿನ ಇನ್ನೊಂದು ತುದಿಯ ಟ್ಯಾನರಿ ರಸ್ತೆ ತೊಗಲಿನ ಕಾರ್ಖಾನೆಗಳ ಆ ಕಾಲವನ್ನು ತನ್ನ ಹೆಸರಲ್ಲೇ ಹೊತ್ತಿದೆ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಹದ ಕ್ರೋಮಿನಿಂದ ದಿನಗಳಲ್ಲಿ ಮುಗಿಯತೊಡಗಿತು. ತೊಗಲು ತೆಳುವಾಯಿತು, ಮೆತ್ತಗಾಯಿತು, ಬಣ್ಣ ಹಿಡಿಯಿತು. ಆದರೆ ಆ ತೆಳುವಿಗೆ ಮಿಣಿಯ ದಪ್ಪ ಹೊಲಿಗೆ ಹೊಂದುವುದಿಲ್ಲ.

ಚರ್ಮದ ಕೆಲಸ ಮುಟ್ಟಬಾರದ ಕೆಲಸ ಎಂಬ ಭಾವನೆಗೆ ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದಲ್ಲಿ ಒಂದು ಪೆಟ್ಟು ಬಿತ್ತು. ಗಾಂಧೀಜಿಯವರ ಗೆಳೆಯ ಹರ್ಮನ್ ಕಾಲೆನ್‌ಬಾಖ್ ಮೇರಿಯನ್‌ಹಿಲ್ ಎಂಬಲ್ಲಿನ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಚಪ್ಪಲಿ ಮಾಡಲು ಕಲಿತು ಬಂದರು, ಅವರಿಂದ ಗಾಂಧೀಜಿ ಕಲಿತರು. 1910ರಲ್ಲಿ ಅವರಿಬ್ಬರೂ ಶುರುಮಾಡಿದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅದು ಎಲ್ಲರ ಕೆಲಸವಾಯಿತು. ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್‌ಗೆ ಗಾಂಧೀಜಿ 1914ರಲ್ಲಿ ಕೊಟ್ಟುಬಂದದ್ದೂ ಒಂದು ಜೊತೆ ಚಪ್ಪಲಿಯನ್ನೇ. ಅಂಥ ಉದಾಹರಣೆ ಕಣ್ಮುಂದಿದ್ದರೂ ನಮ್ಮ ಬೀದಿಯಲ್ಲಿ ರಿಪೇರಿಗೆ ಕೂರುವವರ ಜಾತಿ ಹೆಚ್ಚು ಬದಲಾಗಿಲ್ಲ ಎಂಬುದನ್ನು ನೋವಿನಿಂದಲೇ ಹೇಳಬೇಕು.

ಕ್ರೋಮ್ ತೊಗಲಿನ ಜೊತೆಗೆ ಮೊಳೆ ಬಂತು. ಮೊಳೆ ಬೇಗ ಕೂರುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿದು ಪಾದಕ್ಕೆ ಚುಚ್ಚುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ನಿಜವಾದ ತಿರುವು ಅಂಟಿನದು. 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಕ್ಲೋರೋಪ್ರೀನ್‌ನಿಂದ ಕೃತಕ ರಬ್ಬರ್ ತಯಾರಾಯಿತು. ಅದೇ ಮುಂದೆ ನಿಯೋಪ್ರೀನ್ ಎಂಬ ಹೆಸರು ಪಡೆಯಿತು. 1937ರಲ್ಲಿ ಜರ್ಮನಿಯ ಆಟೊ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದ. ಇಂದು ಬೀದಿಬದಿಯ ಡಬ್ಬಿಯಲ್ಲಿರುವ, ಎಲ್ಲರೂ ಸೊಲ್ಯೂಷನ್ ಎಂದು ಕರೆಯುವ ಹಳದಿ ಅಂಟು ಹೆಚ್ಚಾಗಿ ನಿಯೋಪ್ರೀನಿನ ಬಳಗದ್ದು.

ಅದು ಹಿಡಿಯುವ ಬಗೆ ಸಾಮಾನ್ಯ ಗೋಂದಿನಂತಲ್ಲ. ಎರಡೂ ಮೇಲ್ಮೈಗೆ ಹಚ್ಚಬೇಕು, ಆರಲು ಬಿಡಬೇಕು, ದ್ರಾವಕವೆಲ್ಲ ಹಾರಿಹೋದ ಮೇಲೆ ಒಣಗಿದಂತೆ ಕಾಣುವ ಎರಡು ಪೊರೆಗಳನ್ನು ಒಂದಕ್ಕೊಂದು ಮುಟ್ಟಿಸಬೇಕು. ಮುಟ್ಟಿದ್ದೇ ತಡ, ಪೊರೆ ಪೊರೆಯಲ್ಲಿ ಸೇರಿಹೋಗುತ್ತದೆ, ಮತ್ತೆ ಅತ್ತಿತ್ತ ಸರಿಸಲಾಗದು. ಹನುಮಂತನಗರದಲ್ಲಿ ನಾನು ಎದುರಿಗೆ ನಿಂತು ನೋಡಿದ ಕೆಲಸ ಹೀಗಿತ್ತು. ಬಾಯಿಬಿಟ್ಟ ಅಟ್ಟೆಯನ್ನು ರಿಪೇರಿಯವರು ಪೂರ್ತಿ ಕಿತ್ತರು. ಹಳೆಯ ಅಂಟನ್ನು ರಂಪಿಗೆಯಿಂದ ಕೆರೆದರು. ಆಮೇಲೆ ಒರಟು ಅರದಿಂದ ತೊಗಲಿನ ನುಣುಪು ಹೋಗಿ ಎಳೆ ಏಳುವವರೆಗೆ ಉಜ್ಜಿದರು. ದೂಳನ್ನು ಬಾಯಿಂದ ಊದದೆ ಒಣ ಬಟ್ಟೆಯಿಂದ ಒರೆಸಿದರು. ಉಸಿರಿನ ತೇವ ಅಂಟಿಗೆ ಆಗುವುದಿಲ್ಲವಂತೆ. ಮೊದಲ ಲೇಪ ತೆಳುವಾಗಿತ್ತು, ಅದನ್ನು ತೊಗಲು ಕುಡಿದುಬಿಟ್ಟಿತು. ಎರಡನೆಯದು ಸ್ವಲ್ಪ ದಪ್ಪ. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದರು. ಬೆರಳಿಗೆ ಜಿಗುಟು ಅನಿಸಬೇಕು, ಆದರೆ ಅಂಟು ಬೆರಳಿಗೆ ಬರಕೂಡದು. ಆ ಹದ ಬಂದ ಮೇಲೆ ಮುಂಗಾಲಿನಿಂದ ಶುರುಮಾಡಿ ಜೋಡಿಸಿ, ಕಬ್ಬಿಣದ ಕಾಲಿನ ಮೇಲೆ ಕವುಚಿ, ನಡುವಿನಿಂದ ಅಂಚಿನ ಕಡೆಗೆ ಸುತ್ತಿಗೆಯಿಂದ ಬಡಿಯುತ್ತ ಬಂದರು. ನಡುವೆ ಗಾಳಿ ಸಿಕ್ಕಿಕೊಂಡರೆ ಅಲ್ಲಿಂದಲೇ ಬಿಡಲು ಶುರುವಾಗುತ್ತದೆ.

ಅಂಟು ಹಾಕಿದ್ದು ನಿಲ್ಲುವುದಿಲ್ಲ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಬಹಳ ಸಲ ಅದು ಅಂಟಿನ ತಪ್ಪಲ್ಲ. ಗಿರಾಕಿ ಗಾಡಿ ನಿಲ್ಲಿಸಿಕೊಂಡೇ ಅವಸರ ಮಾಡುತ್ತಾನೆ, ಉಜ್ಜುವುದು ಅರ್ಧವಾಗುತ್ತದೆ, ಆರಲು ಬಿಡುವ ಹತ್ತು ನಿಮಿಷ ಎರಡಕ್ಕಿಳಿಯುತ್ತದೆ. ದ್ರಾವಕ ಒಳಗೇ ಉಳಿದರೆ ಯಾವ ಕಂಪನಿಯ ಅಂಟಾದರೂ ಬಿಡುತ್ತದೆ.

ಇನ್ನೊಂದು ತೊಡಕು ಅಟ್ಟೆಯದೇ. ಈಗ ಕೆಳಗೆ ತೊಗಲು ಸಿಗುವುದೇ ಅಪರೂಪ. ಪಿವಿಸಿ ಅಟ್ಟೆಯನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ಕ್ರಮೇಣ ಹೊರಕ್ಕೆ ಜಿನುಗಿ ನಿಯೋಪ್ರೀನ್ ಪೊರೆಯನ್ನು ಕರಗಿಸುತ್ತದೆ, ಅದಕ್ಕೆ ಪಾಲಿಯುರೆಥೇನ್ ಅಂಟೇ ಬೇಕು. ಟಿಪಿಆರ್ (ಥರ್ಮೊಪ್ಲಾಸ್ಟಿಕ್ ರಬ್ಬರ್) ಅಟ್ಟೆಗೆ ಕ್ಲೋರಿನ್ ಬಿಡುವ ಪ್ರೈಮರ್ ಮೊದಲೇ ಹಚ್ಚದಿದ್ದರೆ ಅಂಟು ಸಲೀಸಾಗಿ ಸುಲಿದುಬರುತ್ತದೆ. ಹಗುರವಾದ ಪಾಲಿಯುರೆಥೇನ್ ಅಟ್ಟೆಯದು ಬೇರೆಯೇ ರೋಗ. ಮದುವೆಗೆಂದು ಕೊಂಡು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಟ್ಟ ಜೋಡು, ಹಾಕಿಕೊಂಡ ದಿನವೇ ಪುಡಿಪುಡಿಯಾಗಿ ಉದುರುತ್ತದೆ. ಗಾಳಿಯ ತೇವ ಅದರ ಅಣುಗಳ ಸರಪಣಿಯನ್ನು ಒಳಗೊಳಗೇ ಕತ್ತರಿಸಿರುತ್ತದೆ. ಅಂಥದ್ದಕ್ಕೆ ಅಂಟು ಹಾಕುವುದು ವ್ಯರ್ಥ, ಅಟ್ಟೆಯನ್ನೇ ಬದಲಿಸಬೇಕು. ಇವೆಲ್ಲವನ್ನೂ ಬೀದಿಯ ಕೆಲಸಗಾರರು ಉಗುರಿನಿಂದ ಒತ್ತಿ, ವಾಸನೆ ನೋಡಿ, ಅಂಚಿನ ಒಂದೆಳೆ ಸುಟ್ಟು ಗುರುತಿಸುತ್ತಾರೆ. ಯಾವ ಶಾಲೆಯೂ ಇದನ್ನು ಅವರಿಗೆ ಕಲಿಸಿಲ್ಲ.

ಅಂಟಿನ ಬೆಲೆಯನ್ನು ತೆತ್ತವರು ಅದನ್ನು ಹಚ್ಚಿದವರು. ಹಿಂದೆ ದ್ರಾವಕವಾಗಿ ಬೆಂಜೀನ್ ಬಳಸುತ್ತಿದ್ದ ಕಾಲದಲ್ಲಿ ಇಟಲಿಯ ಮತ್ತು ಇಸ್ತಾಂಬುಲ್‌ನ ಚಪ್ಪಲಿ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಇಟಲಿ 1963ರಲ್ಲಿ ಕಾನೂನು ತಂದು ಬೆಂಜೀನ್ ಬಳಕೆಗೆ ಕಡಿವಾಣ ಹಾಕಿತು. ಅದರ ಜಾಗಕ್ಕೆ ಬಂದ ಹೆಕ್ಸೇನ್ ಕೈಕಾಲಿನ ನರಗಳನ್ನು ಕೊಲ್ಲುತ್ತದೆ, ಟೊಲ್ಯೂಯಿನ್ ತಲೆಗೆ ಏರುತ್ತದೆ. ಬಯಲಿನಲ್ಲಿ ಕೂತವರಿಗೆ ಗಾಳಿಯ ರಕ್ಷಣೆಯಾದರೂ ಇದೆ. ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಡಜನ್‌ಗಟ್ಟಲೆ ಜೋಡು ಅಂಟಿಸುವವರಿಗೆ ಅದೂ ಇಲ್ಲ.

ಇದೇ ಅಂಟು ಕಾಲು ಉಳಿಸಿದ್ದೂ ಉಂಟು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದ ಕೊಳೆಯುವುದು ರೋಗದಿಂದಲೇ ಅಲ್ಲ, ನೋವು ತಿಳಿಯದ ಪಾದಕ್ಕೆ ಮತ್ತೆ ಮತ್ತೆ ಆಗುವ ಗಾಯದಿಂದ ಎಂದು ತೋರಿಸಿದರು. ಅಂಥ ಪಾದಕ್ಕೆ ಒಂದು ಮೊಳೆಯ ತುದಿಯೂ ಅಪಾಯ. ಸೂಕ್ಷ್ಮರಂಧ್ರಗಳ ರಬ್ಬರ್ ಹಾಳೆ, ಅಂದರೆ ಎಂಸಿಆರ್ ಅನ್ನು ಪಾದದ ಕೆಳಗಿಟ್ಟು, ಮೊಳೆಯಿಲ್ಲದೆ ಗಟ್ಟಿ ಅಟ್ಟೆಗೆ ಅಂಟಿಸಿದ ಚಪ್ಪಲಿಗಳು ಆ ಅರಿವಿನಿಂದ ಹುಟ್ಟಿದವು. ಬೆಂಗಳೂರಿನ ಮಾಗಡಿ ರಸ್ತೆಯ ಕಡೆ 1977ರಲ್ಲಿ ಶುರುವಾದ ಸುಮನಹಳ್ಳಿ ಸಂಸ್ಥೆ ಕುಷ್ಠದಿಂದ ಗುಣವಾದವರಿಗೆ ಚರ್ಮದ ಕೆಲಸವನ್ನೇ ಕಲಿಸಿ ಬದುಕು ಕಟ್ಟಿಕೊಟ್ಟಿತು. ಈಗ ಸಕ್ಕರೆ ಕಾಯಿಲೆಯ ಹಿರಿಯರು ಎಂಸಿಆರ್ ಚಪ್ಪಲಿ ಹುಡುಕುತ್ತಾರೆ. ಈ ಜೋಡಿನಲ್ಲಿ ಮಾತ್ರ ಅಂಟೇ ಸರಿ, ಮೊಳೆಗೆ ಜಾಗವೇ ಇಲ್ಲ.

ಸರ್ಕಾರ ಈ ಕಸುಬಿನ ಕಡೆ ತಿರುಗಿದ್ದು ತಡವಾಗಿ. ಇಂದು ಡಾ. ಬಾಬು ಜಗಜೀವನ ರಾಂ ಹೆಸರಿರುವ ಲಿಡ್ಕರ್, ಅಂದರೆ ರಾಜ್ಯದ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ಸ್ಥಾಪನೆಯಾದದ್ದು 1976ರಲ್ಲಿ. 1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಅಸೆಂಟ್ ಸಂಸ್ಥೆ ಅಥಣಿಯ ಹೆಂಗಸರನ್ನು ಸ್ವಸಹಾಯ ಗುಂಪುಗಳಲ್ಲಿ ಸೇರಿಸಿತು, ಅವರ ಚಪ್ಪಲಿ ಟೋಹೋಲ್ಡ್ ಎಂಬ ಹೆಸರಲ್ಲಿ ಹೊರದೇಶಕ್ಕೆ ಹೋಯಿತು. ಹೆಣಿಗೆ ಮಾಡುತ್ತಿದ್ದವರ ಕೈಗೇ ಹಣ ಬಂತೆಂಬುದು ಅದರ ದೊಡ್ಡ ಸಾಧನೆ. ಕೊಲ್ಹಾಪುರಿ ಚಪ್ಪಲಿಗೆ ಕರ್ನಾಟಕ ಮತ್ತು ಮಹಾರಾಷ್ಟ್ರ ಜಂಟಿಯಾಗಿ ಭೌಗೋಳಿಕ ಗುರುತು ಪಡೆದ ಸುದ್ದಿ 2019ರಲ್ಲಿ ಬಂತು. ನಮ್ಮ ಕಡೆಯಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಆ ಕಡೆಯಿಂದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳು ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಊರಿನ ಹೆಸರೆತ್ತದೆ ತೋರಿಸಿ ಟೀಕೆಗೆ ಗುರಿಯಾಯಿತು. ಆಮೇಲೆ ಮೂಲವನ್ನು ಒಪ್ಪಿ, ಡಿಸೆಂಬರ್‌ನಲ್ಲಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ಅಂಥದ್ದೇ ನಿಗಮ ಲಿಡ್ಕಾಂ ಜೊತೆ 2,000 ಜೋಡುಗಳ ಒಪ್ಪಂದ ಮಾಡಿಕೊಂಡಿತು. ಒಂದು ಜೋಡಿನ ಬೆಲೆ ಸುಮಾರು 800 ಯೂರೋ ಎಂದು ಪ್ರಕಟವಾಯಿತು. ಅಥಣಿಯ ಕೆಲಸಗಾರನಿಗೆ ಅದರಲ್ಲಿ ಎಷ್ಟು ಸಿಗುತ್ತದೆ ಎಂಬುದೇ ಆ ಒಪ್ಪಂದವನ್ನು ಅಳೆಯುವ ಅಳತೆಗೋಲು.

ಇತ್ತ ಹನುಮಂತನಗರಕ್ಕೂ ಅಥಣಿ ಜೋಡು ರಿಪೇರಿಗೆ ಬರುತ್ತದೆ. ಟಾರು ರಸ್ತೆಗೆ ತೊಗಲಿನ ಅಟ್ಟೆ ಬೇಗ ಸವೆಯುತ್ತದೆ, ಮಳೆಗೆ ಜಾರುತ್ತದೆ. ಕೆಲಸಗಾರರು ಕೆಳಗಿನ ಎಣ್ಣೆಯನ್ನು ಪೆಟ್ರೋಲಿನಿಂದ ಒರೆಸಿ, ಉಜ್ಜಿ, ರಬ್ಬರ್ ಹಾಳೆ ಅಂಟಿಸಿ, ಮತ್ತೆ ಸುತ್ತಲೂ ನೈಲಾನ್ ದಾರದಿಂದ ಹೊಲಿಯುತ್ತಾರೆ. ಅಂಟೂ ಇದೆ, ಹೊಲಿಗೆಯೂ ಇದೆ. ನಮ್ಮ ರಸ್ತೆಗಳಿಗೆ ಇದೇ ಸರಿಯಾದ ಉತ್ತರವೆಂದು ನನ್ನ ಅಭಿಪ್ರಾಯ.

ದ್ರಾವಕದ ಬದಲು ನೀರು ಬಳಸಿದ ಅಂಟುಗಳು ಈಗ ಮಾರುಕಟ್ಟೆಯಲ್ಲಿವೆ, ಅವುಗಳ ಹಬೆ ಶ್ವಾಸಕೋಶಕ್ಕೆ ಅಷ್ಟು ಕೆಡುಕಲ್ಲ. ಆದರೆ ಅವು ತಡವಾಗಿ ಆರುತ್ತವೆ, ಬಿಸಿಗಾಳಿ ಕೊಟ್ಟರಷ್ಟೇ ಚೆನ್ನಾಗಿ ಹಿಡಿಯುತ್ತವೆ. ರಸ್ತೆ ಬದಿಯ ಕೆಲಸಗಾರರ ಬಳಿ ವಿದ್ಯುತ್ ಎಲ್ಲಿದೆ? ಸರ್ಕಾರ ಅವರಿಗೆ ಪೆಟ್ಟಿಗೆ ಅಂಗಡಿ ಕೊಡುವಾಗ ಒಂದು ಪ್ಲಗ್ಗು, ಎದುರುಬದುರು ಎರಡು ಗಾಳಿಕಿಂಡಿ, ಯಾವ ಅಟ್ಟೆಗೆ ಯಾವ ಅಂಟು ಎಂದು ಕನ್ನಡದಲ್ಲಿ ಅಚ್ಚುಹಾಕಿದ ಒಂದು ಹಾಳೆ, ಇಷ್ಟನ್ನೂ ಜೊತೆಗೆ ಕೊಡಬೇಕು. ಗಾಳಿಕಿಂಡಿಯಿಲ್ಲದ ತಗಡಿನ ಪೆಟ್ಟಿಗೆಯೊಳಗೆ ಈಗಿನ ಅಂಟಿನ ಡಬ್ಬಿ ತೆರೆದು ಕೂರುವುದಕ್ಕಿಂತ ಮರದಡಿಯೇ ವಾಸಿ.